ಜನ ಇಲ್ಲದ ನೀರು

“ನೀರಲ್ಲಿ ಜನ ಯಾವ ಹೊತ್ತಲ್ಲಿ ಇರಲ್ಲ, ಅದೊಂದು ಹೇಳಿ ಸಾಕು,” ಎಂದು ರಫೂ ಮತ್ತೆ ಪಿಸುಗುಟ್ಟಿದ.

ಅವನು ತನ್ನದೇ ಅಂಗಡಿಯ ಟ್ರಯಲ್ ರೂಮಿನೊಳಗೆ ಪರದೆ ಎಳೆದುಕೊಂಡು, ಕನ್ನಡಿಗೆ ಬೆನ್ನು ಹಾಕಿ, ಗೂಟಕ್ಕೆ ನೇತುಹಾಕಿದ ಯಾರದೋ ಉಣ್ಣೆಯ ಕೋಟಿಗೆ ಮುಖ ಒತ್ತಿ ನಿಂತಿದ್ದ. ಕೋಟಿನಿಂದ ಹಳೆಯ ಸಿಗರೇಟಿನ ವಾಸನೆ ಬರುತ್ತಿತ್ತು.

“ಸ್ವಾಮಿ, ನೀವು ಈಜೋಕೆ ಬರ್ತಿದೀರೋ, ಹೆಣ ಮುಳುಗಿಸೋಕೆ ಬರ್ತಿದೀರೋ?” ಫೋನಿನ ಆ ಕಡೆಯ ಹೆಂಗಸು ತನ್ನ ಜೋಕಿಗೆ ತಾನೇ ನಕ್ಕಳು. ಅವಳದು ಬಯಲಲ್ಲಿ ಕೂಗಿ ಕೂಗಿ ಅಗಲವಾದ ದನಿ. “ಇದು ಕ್ಯಾಂಪು. ಟೆಂಟು ಹಾಕೋರು ಹಾಕ್ತಾರೆ, ಇಳಿಯೋರು ಇಳೀತಾರೆ. ಆದ್ರೆ ನಮ್ಮದರಷ್ಟು ಶಾಂತವಾದ ಜಾಗ ನಿಮಗೆ ಬೇರೆ ಕಡೆ ಸಿಗಲ್ಲ. ಹಾಡು ಹಾಕೋ ಹಾಗಿಲ್ಲ, ಮೋಟರ್ ದೋಣಿ ಇಲ್ಲ. ಎದುರಿಗೇ ಬೆಟ್ಟ. ಇನ್ನೇನು ಬೇಕು?”

ಬೇರೆ ಕಡೆಗಳನ್ನು ಅವನು ಆಗಲೇ ವಿಚಾರಿಸಿಯಾಗಿತ್ತು. ಒಂದು ಕಡೆ ನೀರಿಗೆ ಜಾರುಬಂಡೆ ಇಟ್ಟಿದ್ದರು. ಜಾರುಬಂಡೆ ಇದ್ದಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಾರೆ, ಸಾಲಿನಲ್ಲಿ ನಿಂತವರಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಇನ್ನೊಂದು ಕಡೆ ಗಾಳ ಹಾಕುವವರು ದಂಡೆಯುದ್ದಕ್ಕೂ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ಮಗದೊಂದು ಕಡೆಯವನು ಹೆಮ್ಮೆಯಿಂದ, “ನಮ್ಮಲ್ಲಿ ಯಾವಾಗ್ಲೂ ಜನ ಸಾರ್, ಬೇಜಾರು ಅನ್ನೋ ಮಾತೇ ಇಲ್ಲ,” ಎಂದಿದ್ದ. ರಫೂ ಥ್ಯಾಂಕ್ಸ್ ಕೂಡ ಹೇಳದೆ ಫೋನಿಟ್ಟಿದ್ದ.

“ಮೇಡಂ, ವಿಷಯ ಏನಂದ್ರೆ,” ಎಂದ ಈಗ. ಕೋಟಿನ ಗುಂಡಿಯೊಂದನ್ನು ಹಿಡಿದು ತಿರುಗಿಸತೊಡಗಿದ. “ನಮ್ಮ ಜೊತೆ ಒಬ್ಬರು ಬರ್ತಿದಾರೆ. ಅವರಿಗೆ ಸ್ವಲ್ಪ ಚರ್ಮದ ತೊಂದರೆ. ಜನ ಇದ್ರೆ ಅವರಿಗೆ ಕಷ್ಟ.”

ಒಬ್ಬರು. ಆ ಪದ ಬಾಯಿಂದ ಬಿದ್ದ ಮೇಲೆ ಅವನಿಗೆ ಅದು ಕೇಳಿಸಿತು. ಒಡಹುಟ್ಟಿದವಳನ್ನು ಬಾಡಿಗೆಯವರ ಹಾಗೆ ಒಬ್ಬರು ಅಂದಿದ್ದ.

“ಅಷ್ಟೇ ತಾನೆ?” ಹೆಂಗಸಿನ ದನಿ ಥಟ್ಟನೆ ಮೆತ್ತಗಾಯಿತು. “ಮೊದಲೇ ಹೇಳೋದಲ್ವಾ? ಅಯ್ಯೋ ಪಾಪ. ನೀವು ಕರ್ಕೊಂಡು ಬನ್ನಿ, ನಾನು ನೋಡ್ಕೋತೀನಿ.”

ನೋಡಿಕೊಳ್ಳುವುದು ಎಂದರೆ ಏನು ಎಂದು ಅವನು ಕೇಳಲಿಲ್ಲ. ಕೇಳಿದರೆ ಇನ್ನಷ್ಟು ಹೇಳಬೇಕಾಗುತ್ತಿತ್ತು.

ಪರದೆ ಸರಿಸಿದರೆ ಎದುರಿಗೆ ಹೆಂಡತಿ. ಹಲ್ಲಿನ ಡಾಕ್ಟರ ಕೈಕೆಳಗೆ ಕೆಲಸ ಮಾಡುವವಳು ಅವಳು. ದಿನವಿಡೀ ಬಾಯಿ ತೆರೆದು ಮಲಗಿದವರನ್ನೇ ನೋಡುವುದರಿಂದ, ಯಾರಾದರೂ ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಮೊದಲು ಅನುಮಾನ ಬರುತ್ತಿತ್ತು.

“ರೀ, ಯಾರ ಹತ್ರ ಅಷ್ಟು ಗುಟ್ಟು? ಹೆಂಗಸಿನ ದನಿ ಬೇರೆ.”

“ಕ್ಯಾಂಪಿನ ಯಜಮಾನಿ ಕಣೇ. ಜಾಗ ಗೊತ್ತು ಮಾಡಿದೆ.”

“ಅದನ್ನ ಕೋಟಿಗೆ ಯಾಕೆ ಹೇಳ್ತಿದ್ರಿ?” ಅವಳು ನಗಲಿಲ್ಲ. “ನನಗೆ ಎಲ್ಲಾ ಕೇಳಿಸ್ತು. ಚರ್ಮದ ತೊಂದರೆ ಅಂತ ಬೇರೆ ಅಂದ್ರಿ. ನಾಚಿಕೆ ಅತ್ತಿಗೆಗಾ, ನಿಮಗಾ?”

“ಜನ ನೋಡ್ತಾರೆ. ಅವಳಿಗೆ ಬೇಜಾರಾಗುತ್ತೆ.”

“ಹಾಗಂತ ಅವರು ಹೇಳಿದ್ರಾ?”

“ಹೇಳ್ಬೇಕಾ? ಈಜುಕೊಳಕ್ಕೆ ಹೋಗೋದನ್ನೇ ಬಿಟ್ಲಲ್ಲ.”

“ಯಾಕೆ ಬಿಟ್ರಿ ಅಂತ ಕೇಳಿದೀರಾ?”

“ಅದನ್ನೆಲ್ಲ ಯಾರಾದ್ರೂ ಕೇಳ್ತಾರಾ?”

ಹೆಂಡತಿ ಅವನ ಕೈಯಲ್ಲಿದ್ದ ಗುಂಡಿಯನ್ನು ನೋಡಿದಳು. ತಿರುಗಿಸಿ ತಿರುಗಿಸಿ ಅದು ಕಿತ್ತುಬಂದಿತ್ತು. “ನಾನಾಗಿ ಅವರಿಗೆ ಏನೂ ಹೇಳಲ್ಲ,” ಎಂದಳು. “ಆದ್ರೆ ಅವರು ಕೇಳಿದ್ರೆ ಸುಳ್ಳೂ ಹೇಳಲ್ಲ. ಆಮೇಲೆ ನನ್ನ ಮೇಲೆ ಹಾರಾಡ್ಬೇಡಿ.”

ಹರಿದ ಬಟ್ಟೆಗೆ ರಫೂ ಹಾಕುವವನಾದ್ದರಿಂದ ಬೀದಿಯವರಿಗೆಲ್ಲ ಅವನು ರಫೂ. ಒಂದು ಕೋಟು ಸುಟ್ಟು ತೂತಾಗಿದ್ದರೆ ಅದೇ ಕೋಟಿನ ಒಳಮಡಿಕೆಯಿಂದ ಎಳೆ ಬಿಡಿಸಿ, ಭೂತಗನ್ನಡಿಯ ದೀಪದ ಕೆಳಗೆ ಒಂದೊಂದೇ ಎಳೆಯನ್ನು ಮೇಲೆ ಕೆಳಗೆ ನೇಯ್ದು ಅವನು ತೂತನ್ನು ಮಾಯ ಮಾಡುತ್ತಿದ್ದ. ಬಟ್ಟೆ ವಾಪಸು ಕೊಡುವಾಗ “ಎಲ್ಲಿತ್ತು ಹುಡುಕಿ ನೋಡೋಣ,” ಎನ್ನುತ್ತಿದ್ದ. ಗಿರಾಕಿ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಸೋತು ನಗುವ ಆ ಗಳಿಗೆಗಾಗಿಯೇ ಅವನು ಬೆಳಿಗ್ಗೆ ಏಳುತ್ತಿದ್ದ ಎಂದರೂ ನಡೆಯುತ್ತದೆ.

ಅಕ್ಕನ ಮೈಮೇಲೆ ಬಿಳಿ ಕಲೆ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮೊದಲು ತುಟಿಯ ಅಂಚು. ಆಮೇಲೆ ಬೆರಳುಗಳ ತುದಿ, ಮೊಣಕೈ, ಕಣ್ಣಿನ ಸುತ್ತ, ಕತ್ತು. ಅವಳು ಊರಿನ ಬಸ್ಸು ಓಡಿಸುವವಳು. ಸ್ಟೇರಿಂಗಿನ ಮೇಲೆ ಬಿಳಿ ಬೆರಳುಗಳನ್ನು ಇಟ್ಟುಕೊಂಡು, ಹತ್ತುವ ಇಳಿಯುವ ಎಲ್ಲರ ಕಣ್ಣೆದುರು ಕೂರುವುದೇ ಅವಳ ಕೆಲಸ. ಶಾಲೆಯ ಮಕ್ಕಳು ಅವಳಿಗೆ ಮ್ಯಾಪ್ ಅಕ್ಕ ಎಂದು ಹೆಸರಿಟ್ಟಿದ್ದರು. ಅವಳ ಕೈಮೇಲಿನ ದೇಶಗಳನ್ನು ಮಕ್ಕಳು ತಮ್ಮತಮ್ಮಲ್ಲೇ ಹಂಚಿಕೊಂಡಿದ್ದರು. ಎಡ ಮೊಣಕೈ ಯಾರದು ಎಂದು ಒಂದು ದಿನ ಎರಡು ಹುಡುಗಿಯರ ನಡುವೆ ಜಡೆ ಎಳೆದಾಟವೇ ಆಗಿತ್ತು. ಅಕ್ಕ ಇದನ್ನೆಲ್ಲ ತಮ್ಮನ ಅಂಗಡಿಗೆ ಬಂದು ಕೈ ಬಾಯಿ ತಿರುಗಿಸಿ ಹೇಳುತ್ತಿದ್ದಳು. ಗಿರಾಕಿಗಳು ಇದ್ದರೆ ರಫೂ ನಡುವೆ ಬಾಯಿ ಹಾಕಿ, “ಅಕ್ಕ, ಒಳಗೆ ಫ್ಯಾನ್ ಇದೆ, ಒಳಗೆ ಕೂತ್ಕೋ,” ಎನ್ನುತ್ತಿದ್ದ. ಚಳಿಗಾಲದಲ್ಲೂ ಎನ್ನುತ್ತಿದ್ದ. ಒಮ್ಮೆ ಅವಳು ಏನನ್ನೋ ಎತ್ತಿಕೊಳ್ಳಲು ಕೈ ಚಾಚಿದಾಗ ಅದು ದೀಪದ ಕೆಳಗೆ ಬಂತು. ಇದಕ್ಕೆ ಯಾವ ಬಣ್ಣದ ಎಳೆ ಹೊಂದಬಹುದು ಎಂದು ಅವನ ಕಣ್ಣು ತಾನಾಗಿಯೇ ಅಂದಾಜು ಮಾಡಿತು. ಅವನು ದೀಪ ಆರಿಸಿಬಿಟ್ಟ. ಕರೆಂಟು ಹೋಯ್ತಾ ಎಂದು ಅಕ್ಕ ಕೇಳಿದಳು. ಹೂಂ ಎಂದ.

ಈ ಪ್ರವಾಸ ಕೇಳಿದವಳು ಅವಳೇ.

“ರಜೆ ಸಿಕ್ತು ಕಣೋ,” ಎಂದು ಡಿಪೋದಿಂದ ನೇರ ಅಂಗಡಿಗೆ ಬಂದಿದ್ದಳು. “ಈಜ್ಬೇಕು. ಒಂದು ಬೆಟ್ಟಾನೂ ಹತ್ಬೇಕು, ಮಂಡಿ ನನ್ನ ಮಾತು ಕೇಳೋವಾಗಲೇ. ನಾವು ಚಿಕ್ಕೋರಿದ್ದಾಗ ಹೋಗ್ತಿರ್ಲಿಲ್ವಾ, ಆ ಥರ. ಜಾಗ ನೀನು ಆರ್ಸು. ಗಾಡಿ ನಾನು ಓಡಿಸ್ತೀನಿ.”

“ಶಾಂತವಾಗಿರೋ ಕಡೆ ನೋಡ್ತೀನಿ.”

“ಶಾಂತ ಗೀಂತ ಏನೂ ಬೇಡಪ್ಪ. ನೀರಿದ್ರೆ ಸಾಕು. ಶಾಂತ ಬೇಕಿದ್ರೆ ಡಿಪೋದಲ್ಲಿ ಕೆಟ್ಟು ನಿಂತಿರೋ ಬಸ್ಸಲ್ಲಿ ಹೋಗಿ ಕೂರಲ್ವಾ?”

ನಾಲ್ಕು ದಿನ ಕಳೆದ ಮೇಲೆ ಅವನು ಅವಳಿಗೆ ಹೇಳಿದ: ಎಲ್ಲಾ ಕಡೆ ಭರ್ತಿ, ಒಂದೇ ಒಂದು ಜಾಗ ಸಿಕ್ಕಿದೆ, ಸ್ವಲ್ಪ ದೂರ, ಜನ ಕಡಿಮೆ. ಅಕ್ಕ ಅವನ ಬೆನ್ನು ತಟ್ಟಿ, “ಭಲೇ, ಒಂದಾದ್ರೂ ಸಿಕ್ತಲ್ಲ,” ಎಂದಳು. ಅವನಿಗೆ ಬೆನ್ನಿನ ಆ ಭಾಗ ಸಂಜೆಯವರೆಗೂ ಬಿಸಿಯಾಗಿಯೇ ಇತ್ತು. ಗೊತ್ತಾಗದಿದ್ದರೆ ಸಾಕು ಎಂದುಕೊಂಡ. ಅವಳು ಈಜಲಿ, ಬೆಟ್ಟ ಹತ್ತಲಿ, ವಾಪಸು ಬರಲಿ. ತಾನು ಯಾರನ್ನು ಏನು ಕೇಳಿದೆ ಎಂಬುದು ಅವಳಿಗೆ ಗೊತ್ತಾಗದಿದ್ದರೆ ಸಾಕು.

ದಾರಿಯುದ್ದಕ್ಕೂ ಅಕ್ಕ ಬಸ್ಸು ಓಡಿಸುವ ಹಾಗೆಯೇ ಕಾರು ಓಡಿಸಿದಳು. ತಿರುವುಗಳನ್ನು ಅಗಲವಾಗಿ ತೆಗೆದುಕೊಂಡಳು. ಎಲ್ಲಿ ನಿಂತರೂ “ಇಳಿಯೋರು ಬೇಗ ಇಳೀರಿ, ಹಿಂದೆ ನೋಡ್ಕೊಳ್ರಿ,” ಎಂದಳು. ಹೆಂಡತಿ ನಕ್ಕು ನಕ್ಕು, “ಅತ್ತಿಗೆ, ಸಾಕು, ನನಗೆ ಹೊಟ್ಟೆ ಹಿಡ್ಕೊಳ್ತು,” ಎಂದಳು. ಹಿಂದಿನ ಸೀಟಿನಲ್ಲಿ ಟೆಂಟಿನ ಕಂಬಗಳ ಪಕ್ಕ ಕೂತ ರಫೂ ಕೂಡ ನಕ್ಕ. ನಗುವಾಗ ಕನ್ನಡಿಯಲ್ಲಿ ಅಕ್ಕನ ಕಣ್ಣು ಸಿಕ್ಕಿದರೆ ಕಿಟಕಿಯ ಹೊರಗೆ ನೋಡುತ್ತಿದ್ದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಲುಪಿದರು. ಜಾಗ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ನೇರವಾಗಿ ಎದ್ದ ಮರಗಳ ನಡುವೆ ಒಂದು ಕೆರೆ, ಅದರಾಚೆ ಬೂದು ಬಣ್ಣದ ಬೆಟ್ಟ. ಬೆಟ್ಟದ ನೆತ್ತಿಗೆ ಹುಲ್ಲು ಹತ್ತಿರಲಿಲ್ಲ. ದಂಡೆಯಿಂದ ನೀರಿನೊಳಕ್ಕೆ ಒಂದು ಹಲಗೆಯ ಕಟ್ಟೆ ಚಾಚಿಕೊಂಡಿತ್ತು. ಎಷ್ಟು ನಿಶ್ಶಬ್ದವೆಂದರೆ ಎಲ್ಲೋ ಯಾರೋ ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು. ಆದರೆ ಟೆಂಟುಗಳು ಅವನು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದವು. ನೀರಿನಲ್ಲಿಯೂ ತಲೆಗಳು ಕಾಣುತ್ತಿದ್ದವು. ಯಾರೂ ಕೂಗುತ್ತಿರಲಿಲ್ಲ, ಸುಮ್ಮನೆ ತೇಲುತ್ತಿದ್ದರು.

“ಜನ ಕಡಿಮೆ ಅಂದೆ?” ಎಂದಳು ಅಕ್ಕ, ಖುಷಿಯಿಂದ. “ಸಂತೆ ನೆರೆದಿದೆಯಲ್ಲೋ!”

ಟೆಂಟಿನ ಒಂದು ಮೊಳೆ ಹೊಡೆಯುವಷ್ಟರಲ್ಲಿ ಅವಳು ಕಾರಿನೊಳಗೇ ಬಟ್ಟೆ ಬದಲಿಸಿ ಹೊರಗೆ ಬಂದಳು. ಹಳದಿ ಈಜುಡುಗೆ, ಕಣ್ಣಿಗೆ ಹೊಡೆಯುವ ಹಳದಿ. ತೋಳು, ತೊಡೆ, ಬೆನ್ನು, ಅವನು ಎಷ್ಟೋ ವರ್ಷಗಳಿಂದ ನೋಡದ ಎಲ್ಲವೂ ಬಿಸಿಲಿನಲ್ಲಿ ನಿಂತಿತ್ತು. ಕಲೆಗಳು ಎಷ್ಟು ದೂರ ಹಬ್ಬಿವೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

“ಹೆಂಗಿದೆ?” ಎಂದು ಹೆಂಡತಿಯ ಮುಂದೆ ಒಂದು ಸುತ್ತು ತಿರುಗಿದಳು. “ಅಂಗಡಿಯ ಗೊಂಬೆಗೆ ಹಾಕಿದ್ದನ್ನೇ ಬಿಚ್ಚಿಸ್ಕೊಂಡು ತಂದೆ. ಪಾಪ, ಗೊಂಬೆ ಬರೀ ಮೈಯಲ್ಲಿ ನಿಂತಿತ್ತು.”

“ಸೂರ್ಯನೇ ಇಳಿದು ಬಂದ ಹಾಗಿದೆ ಅತ್ತಿಗೆ.”

ಮೂವರೂ ದಂಡೆಗೆ ನಡೆದರು. ಆಗ ಗಂಡಸರ ರಬ್ಬರ್ ಬೂಟು ಹಾಕಿಕೊಂಡ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ದಪ್ಪನೆಯ ಹೆಂಗಸೊಬ್ಬಳು ಕಟ್ಟೆಯ ಮೇಲೆ ಬಂದಳು. ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ರಫೂನ ಕಡೆ ತಿರುಗಿ, ಹಳೆಯ ಪರಿಚಯದವರ ಹಾಗೆ ಒಂದು ಕಣ್ಣು ಮುಚ್ಚಿ ತಲೆಯಾಡಿಸಿದಳು. ಅವನು ಕೈಯೆತ್ತಿದ, ಬೇಡ ಎನ್ನಲು. ಅವಳು ಅದನ್ನು ನಮಸ್ಕಾರ ಎಂದುಕೊಂಡಿರಬೇಕು.

ಸೀಟಿ ಆ ನಿಶ್ಶಬ್ದವನ್ನು ಸೀಳಿಕೊಂಡು ಬೆಟ್ಟಕ್ಕೆ ಬಡಿದು ವಾಪಸು ಬಂತು.

“ಎಲ್ಲರೂ ಮೇಲೆ ಬನ್ನಿ!” ಎಂದು ಯಜಮಾನಿ ಕೂಗಿದಳು. “ಬೆಳಿಗ್ಗೇನೇ ಹೇಳಿದ್ನಲ್ಲ, ಅವರು ಬಂದ್ರು. ಚರ್ಮದ ತೊಂದರೆ ಇರೋರು ಇಳೀತಾರೆ. ಅವರಿಗೆ ಜನ ಇದ್ರೆ ಕಷ್ಟ. ಸ್ವಲ್ಪ ಹೊತ್ತು ಅವರೊಬ್ಬರನ್ನೇ ಬಿಡೋಣ. ಬನ್ನಿ, ಬನ್ನಿ.”

ತಲೆಗಳು ಒಂದೊಂದಾಗಿ ದಂಡೆಯ ಕಡೆಗೆ ತಿರುಗಿದವು. ಜನ ಒಳ್ಳೆಯವರು. ಯಾರೂ ಗೊಣಗಲಿಲ್ಲ. ನೀರು ಸುರಿಸಿಕೊಂಡು ಮೇಲೆ ಬಂದರು, ಟವೆಲು ಹೊದ್ದುಕೊಂಡರು, ದಂಡೆಯ ಮೇಲೆ ಸಾಲಾಗಿ ನಿಂತರು. ತೋಳಿಗೆ ಗಾಳಿ ತುಂಬಿದ ರಬ್ಬರ್ ಬಳೆ ಹಾಕಿಕೊಂಡಿದ್ದ ಒಂದು ಪುಟ್ಟ ಹುಡುಗಿ ಮಾತ್ರ ಅಳುತ್ತ ಬಂತು.

ಅಕ್ಕನೂ ಪಕ್ಕಕ್ಕೆ ಸರಿದು ಅವರ ಜೊತೆಯಲ್ಲಿ ನಿಂತಳು. ಕೈ ಕಟ್ಟಿಕೊಂಡು, ಕತ್ತು ಚಾಚಿ, ಟೆಂಟುಗಳ ಕಡೆ ನೋಡಿದಳು. ಬರುವವರಿಗೆ ದಾರಿ ಬಿಟ್ಟಿದ್ದಳು.

“ಪಾಪ, ಯಾರಿಗೋ ಏನೋ,” ಎಂದು ಮೆಲ್ಲಗೆ ಹೇಳಿದಳು ತಮ್ಮನಿಗೆ. “ನಾವೂ ಆಮೇಲೆ ಇಳಿಯೋಣ. ಅವಸರ ಏನಿದೆ?”

ರಫೂ ಬಾಯಿ ತೆರೆದ. ಹೇಳಲು ಸಮಯವಿತ್ತು. ಒಂದು ವಾಕ್ಯಕ್ಕೆ ಸಾಲುವಷ್ಟು ಸಮಯ ಖಂಡಿತ ಇತ್ತು. ಅವನು ಕೆರೆಯನ್ನೇ ನೋಡಿದ. ಒಬ್ಬರೂ ಇಲ್ಲದ, ಅಲೆ ಇನ್ನೂ ನಿಲ್ಲದ ನೀರು. ಟ್ರಯಲ್ ರೂಮಿನಲ್ಲಿ ಅವನು ಬೇಡಿದ್ದ ನೀರು ಅದೇ.

ಯಾರೂ ಬರಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ಅಕ್ಕನನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಕ್ಕನಿಗೂ ಅದು ಗೊತ್ತಾಯಿತು. ಅವಳು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು.

“ಇಳೀರಿ ಅಮ್ಮ, ನೀವೇ,” ಎಂದಳು ಯಜಮಾನಿ, ಬಹಳ ಪ್ರೀತಿಯಿಂದ. “ನಿಧಾನಕ್ಕೆ ಇಳೀರಿ. ಯಾರೂ ಬರಲ್ಲ.”

“ನಾನಾ?”

“ನಿಮ್ಮೋರೇ ಫೋನು ಮಾಡಿ ಹೇಳಿದ್ರಲ್ಲ. ಪಾಪ, ಎಷ್ಟು ಕಾಳಜಿ ಅವರಿಗೆ. ಜನ ಯಾವಾಗ ಇರಲ್ಲ, ಜನ ಯಾವಾಗ ಇರಲ್ಲ ಅಂತ ಒಂದೇ ಸಮನೆ ಕೇಳಿದ್ರು.”

ಅಕ್ಕ ತಮ್ಮನನ್ನು ನೋಡಿದಳು. ಕೋಪದ ನೋಟವಲ್ಲ. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಎಷ್ಟು ದೂರವಿದೆ ಎಂದು ನೋಡುವವರ ನೋಟ. ನೋಡಿ ಮುಗಿಸಿ, ಹಲಗೆಯ ಮೇಲೆ ನಡೆದು, ತುದಿಗೆ ಹೋಗಿ, ಧುಮುಕಿದಳು.

ಅವಳು ಚೆನ್ನಾಗಿ ಈಜುತ್ತಿದ್ದಳು. ಚಿಕ್ಕಂದಿನಲ್ಲಿ ಹಳೆಯ ಕಲ್ಲುಕ್ವಾರಿಯ ನೀರಿನಲ್ಲಿ ತಮ್ಮನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಈಜು ಕಲಿಸಿದವಳೂ ಅವಳೇ. ಈಗ ಕೆರೆಯ ನಟ್ಟನಡುವಿಗೆ ಹೋದಳು; ಇಡೀ ಕೆರೆಯಲ್ಲಿ ಹಳದಿ ಅದೊಂದೇ. ದಂಡೆಯ ಮೇಲೆ ಒದ್ದೆ ಜನ ಟವೆಲು ಹೊದ್ದು, ನೋಡಬಾರದು ಎಂದುಕೊಂಡೇ ನೋಡುತ್ತ ನಿಂತಿದ್ದರು. ಬೇರೆ ನೋಡಲು ಏನೂ ಇರಲಿಲ್ಲ.

“ಅಮ್ಮ, ಅವರು ಯಾಕೆ ಒಬ್ಬರೇ?” ಎಂದಿತು ಪುಟ್ಟ ಹುಡುಗಿ.

“ಶ್, ಸುಮ್ಮನಿರು.”

ಹೆಂಡತಿ ಚಪ್ಪಲಿ ಬಿಟ್ಟಳು. “ಬರ್ತೀರಾ?” ಎಂದಳು ಗಂಡನಿಗೆ. ಅವನು ಮಿಸುಕಲಿಲ್ಲ. “ಸರಿ,” ಎಂದು ಅವಳು ಉಟ್ಟ ಬಟ್ಟೆಯಲ್ಲೇ ನೀರಿಗೆ ಇಳಿದಳು. ಅವಳಿಗೆ ಈಜು ಅಷ್ಟಾಗಿ ಬರುತ್ತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಅತ್ತಿಗೆಯ ಕಡೆಗೆ ಕೈಬೀಸಿದಳು.

ರಫೂನ ಪಕ್ಕ ನಿಂತಿದ್ದ ಗಡ್ಡದವನೊಬ್ಬ ಕಿವಿಯ ನೀರು ಕೊಡವಿಕೊಂಡು ಅವನ ಕಡೆಗೆ ಬಾಗಿದ. “ಅಂಟುತ್ತಾ ಅದು? ಸುಮ್ಮನೆ ಕೇಳಿದೆ. ಮಗು ಇದೆಯಲ್ಲ, ಅದಕ್ಕೆ.”

ಅಂಟುವುದಿಲ್ಲ ಎಂದು ರಫೂನಿಗೆ ಗೊತ್ತಿತ್ತು. ಮೊದಲ ದಿನ ಅಕ್ಕನ ಜೊತೆ ಡಾಕ್ಟರ ಹತ್ತಿರ ಹೋಗಿ, ಕುರ್ಚಿಯ ಅಂಚಿನಲ್ಲಿ ಕೂತು, ಅದನ್ನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡವನು ಅವನೇ.

“ನನಗೆ ಸರಿಯಾಗಿ ಗೊತ್ತಿಲ್ಲ,” ಎಂದ.

“ನಿಮ್ಮೋರಾ?”

“ಜೊತೆಗೆ ಬಂದಿದೀವಿ.”

ಮೆಲ್ಲಗೇ ಹೇಳಿದ್ದ. ಆದರೆ ಹಾಡಿಲ್ಲದ, ದೋಣಿಯಿಲ್ಲದ, ಗಾಳಿಯೂ ಇಲ್ಲದ ಆ ಜಾಗದಲ್ಲಿ ಮಾತು ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನ ಹಾಗೆ ಜಾರಿಕೊಂಡು ಹೋಯಿತು. ನಡುನೀರಿನಲ್ಲಿ ಅಂಗಾತ ತೇಲುತ್ತಿದ್ದ ಅಕ್ಕ ತಲೆ ಎತ್ತಿದಳು. ಎದೆಮಟ್ಟದ ನೀರಿನಲ್ಲಿದ್ದ ಹೆಂಡತಿ ತಿರುಗಿದಳು. ಇಬ್ಬರೂ ಅವನನ್ನೇ ನೋಡಿದರು. ಅಂಥ ಜಾಗವನ್ನು ಆರಿಸಿದವನೂ ಅವನೇ.

ಅವನ ಮುಖಕ್ಕೆ ರಕ್ತ ನುಗ್ಗಿತು, ಕಿವಿ ಉರಿಯಿತು. ಓಡಿಹೋಗಬೇಕೆನಿಸಿತು. ಆದರೆ ಮರಗಳನ್ನು ಮುಟ್ಟುವವರೆಗೂ ಎಲ್ಲರಿಗೂ ಕಾಣುವಂಥ ಬಯಲು ಅದು.

ಅಕ್ಕ ಹೊರಗೆ ಬಂದಳು. ಯಜಮಾನಿ ಮತ್ತೆ ಸೀಟಿ ಊದುವ ಮೊದಲೇ ಗಡ್ಡದವನ ಮುಂದೆ ಹೋಗಿ ನಿಂತಳು. “ಇದು ತೊನ್ನು,” ಎಂದಳು, ನಿಲ್ದಾಣದ ಹೆಸರು ಹೇಳುವ ದನಿಯಲ್ಲಿ. “ಅಂಟಲ್ಲ. ನೋಯಲ್ಲ. ನೀರಿಗೂ ಏನೂ ಆಗಲ್ಲ. ಎಲ್ಲರೂ ಇಳೀರಿ, ಬಿಸಿಲು ಹೋಗ್ತಿದೆ.”

ಗಡ್ಡದವನು ಕೆಂಪಾಗಿ, “ಅಯ್ಯೋ, ಇಲ್ಲಮ್ಮ, ನಾನು ಏನೋ...” ಎಂದು ತೊದಲಿದ. ಯಜಮಾನಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಪುಟ್ಟ ಹುಡುಗಿ ಮಾತ್ರ ಹತ್ತಿರ ಬಂದು, ಅಕ್ಕನ ತೊಡೆಯ ಮೇಲೆ ಬೆರಳಿಟ್ಟು ಕೇಳಿತು: “ಈ ಬಣ್ಣ ಯಾರು ಹಾಕಿದ್ದು?”

“ಪೇಂಟರು. ಅರ್ಧ ಹಾಕಿ ಊಟಕ್ಕೆ ಹೋದ. ಇನ್ನೂ ಬಂದಿಲ್ಲ ನೋಡು, ಕಳ್ಳ.”

ಹುಡುಗಿ ನಕ್ಕಿತು. ಅದರ ಅಮ್ಮ ನಕ್ಕಳು. ಆಮೇಲೆ ಗಡ್ಡದವನೂ ನಕ್ಕ, ಬದುಕಿಕೊಂಡೆ ಎನ್ನುವ ಹಾಗೆ. ಜನ ಮತ್ತೆ ನೀರಿಗಿಳಿದರು. ರಫೂ ನಿಂತಲ್ಲೇ ನಿಂತಿದ್ದ. ಆ ಜೋಕನ್ನು ಅವಳು ಎಷ್ಟು ಸಲ, ಎಷ್ಟು ಜನರಿಗೆ ಹೇಳಿದ್ದರೆ ಅಷ್ಟು ನಯವಾಗಿ ಬರುತ್ತದೆ ಎಂದು ಯೋಚಿಸಿದ. ತನಗೆ ಅವಳು ಅದನ್ನು ಯಾವತ್ತೂ ಹೇಳಿರಲಿಲ್ಲ.

ಟೆಂಟಿಗೆ ಬಂದ ಮೇಲೆ ಹೆಂಡತಿ ಒದ್ದೆ ಬಟ್ಟೆ ಹಿಂಡುತ್ತ ದೂರ ಉಳಿದಳು. ಅಕ್ಕ ತಲೆ ಒರೆಸಿಕೊಂಡಳು. ಅವನು ಮೊಳೆ ಹೊಡೆಯುತ್ತಿದ್ದ. ಆಗಲೇ ಹೊಡೆದು ಮುಗಿಸಿದ್ದ ಮೊಳೆಯನ್ನೇ ಮತ್ತೆ ಹೊಡೆಯುತ್ತಿದ್ದ.

“ಉಳಿದ ಜಾಗ ಎಲ್ಲಾ ಭರ್ತಿ ಅಂದ್ಯಲ್ಲ, ಸುಳ್ಳಾ?”

“ಹೂಂ.”

“ನಾನು ಈಜೋದು ಬಿಟ್ಟಿದ್ದು ಯಾಕೆ ಅಂದ್ಕೊಂಡಿದ್ದೆ?”

“ಜನ ನೋಡ್ತಾರೆ ಅಂತ. ಕೊಳದವರು ಅಂಟಲ್ಲ ಅಂತ ಡಾಕ್ಟರ ಚೀಟಿ ಕೇಳಿದ್ರು ಅಂತ ನೀನೇ ಹೇಳಿದ್ದೆ.”

“ಕೇಳಿದ್ರು, ಕೊಟ್ಟೆ. ಆಮೇಲೂ ಒಂದು ವರ್ಷ ಹೋದೆ ಕಣೋ! ಬಿಟ್ಟಿದ್ದು ಪಾಳಿ ಬದಲಾಯ್ತು ಅಂತ. ಬೆಳಗಿನ ಬಸ್ಸು ಕೊಟ್ರು. ಕೊಳ ತೆಗೆಯೋ ಹೊತ್ತಿಗೆ ನಾನು ರೋಡಲ್ಲಿರ್ತೀನಿ.” ಅವಳು ಟವೆಲನ್ನು ಹಗ್ಗದ ಮೇಲೆ ಹಾಕಿದಳು. “ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ.”

“ನಿನಗೆ ನೋವಾಗಬಾರದು ಅಂತ ಮಾಡಿದೆ ಅಕ್ಕ.”

“ನೋವಾಗಲ್ಲ ಅಂತ ಡಾಕ್ಟರು ನಿನ್ನ ಎದುರಿಗೇ ಹೇಳಿದ್ರಲ್ಲ.” ಅವಳು ಟವೆಲಿನ ಅಂಚು ಸರಿಮಾಡಿದಳು. “ಜನ ನೋಡಿದ್ದು ನನಗೇನೂ ಅನ್ನಿಸ್ಲಿಲ್ಲ. ದಿನಾ ನೋಡ್ತಾರೆ. ನೀನು ಆ ಮನುಷ್ಯನಿಗೆ ಹೇಳಿದ್ಯಲ್ಲ, ಅದು ನೋಯ್ತು.”

ಅವನು ಸುತ್ತಿಗೆಯನ್ನು ನೆಲದ ಮೇಲಿಟ್ಟ. ತಪ್ಪಾಯಿತು ಎನ್ನುವ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಗಡ್ಡದವನ ಹೆಂಡತಿ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು. ನಾಳೆ ತಿಂಡಿ ಆದ ಮೇಲೆ ನಾವೆಲ್ಲ ಬೆಟ್ಟ ಹತ್ತುತ್ತೇವೆ, ನೀವೂ ಬನ್ನಿ ಎಂದು ಅಕ್ಕನನ್ನು ಕರೆದಳು. ಪರರ ಮುಂದೆ ತಪ್ಪಾಯಿತು ಎಂದು ಹೇಗೆ ಹೇಳುವುದು? ಅವರು ಹೋದ ಮೇಲೆ ಪಕ್ಕದ ಟೆಂಟಿನವರು ಇದ್ದರು. ಅವರು ಒಳಗೆ ಹೋಗುವ ಹೊತ್ತಿಗೆ ಅಕ್ಕ ಮಲಗಿದ್ದಳು.

ಬೆಳಕು ಹರಿಯುವ ಮೊದಲೇ ರಫೂ ಎದ್ದು ಯಜಮಾನಿಯ ಗುಡಿಸಲಿನ ಹತ್ತಿರ ಹೋದ. ಅವಳು ಒಲೆ ಹೊತ್ತಿಸುತ್ತಿದ್ದಳು. ಅವನನ್ನು ಕಂಡು, “ನಾನು ಏನೋ ಒಳ್ಳೇದು ಮಾಡೋಕೆ ಹೋದೆ ಸ್ವಾಮಿ,” ಎಂದಳು ಸಪ್ಪೆಯಾಗಿ. ಅವನು, ಇಲ್ಲ ಇಲ್ಲ, ತಪ್ಪು ನನ್ನದು ಎಂದ. ಅವಳಿಗೆ ಅದನ್ನು ಹೇಳುವುದು ಸುಲಭವಾಗಿತ್ತು. ಅವಳು ಯಾರೋ. ಆಮೇಲೆ ಅವನು ಬೆಟ್ಟದ ದಾರಿ ಕೇಳಿದ.

ನಲ್ಲಿಯ ಕಟ್ಟೆಯ ಹತ್ತಿರ ಅಕ್ಕ ಹಲ್ಲುಜ್ಜುತ್ತಿದ್ದಳು. ಹೆಂಡತಿ ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹೆಗಲ ಮೇಲೆ ಟವೆಲು, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡ ಐದಾರು ಜನ ಸಾಲಿನಲ್ಲಿ ನಿಂತಿದ್ದರು, ಗಡ್ಡದವನೂ ಇದ್ದ. ರಫೂ ಸಾಲನ್ನು ಬಳಸಿಕೊಂಡು ಅಕ್ಕನ ಹಿಂದೆ ಹೋಗಿ ನಿಂತ.

“ಅಕ್ಕ,” ಎಂದು ಮೆಲ್ಲಗೆ ಕರೆದ. “ಬೆಟ್ಟ ಹತ್ತೋಣ ಬಾ. ಈಗಲೇ. ನಾವಿಬ್ಬರೇ.”

ಅವಳು ಬಾಯಿ ಮುಕ್ಕಳಿಸಿದಳು. “ಇಬ್ಬರೇ ಯಾಕೆ? ಎಲ್ಲರೂ ತಿಂಡಿ ತಿಂದು ಹೊರಡ್ತಿದೀವಲ್ಲ.”

“ಹಿಂದಿನಿಂದ ಇನ್ನೊಂದು ದಾರಿ ಇದೆಯಂತೆ. ಕೇಳ್ಕೊಂಡು ಬಂದೆ. ಆ ಕಡೆ ಒಬ್ಬರೂ ಬರಲ್ವಂತೆ.”

ಹೆಂಡತಿಯ ಕೈ ಪಾತ್ರೆಯ ಮೇಲೆ ನಿಂತಿತು. ಅಕ್ಕ ತಿರುಗಿದಳು. ಅವಳ ಗಲ್ಲದ ಬಿಳಿಯ ಮೇಲಿನಿಂದ ನೀರು ಇಳಿಯುತ್ತಿತ್ತು.

“ಒಬ್ಬರೂ ಬರಲ್ವಾ ಅಂತ ಕೇಳ್ಕೊಂಡು ಬಂದ್ಯಾ?”

“ಅದಕ್ಕಲ್ಲ ಅಕ್ಕ, ಆಣೆಗೂ ಅದಕ್ಕಲ್ಲ.” ಅವನ ಕಿವಿ ಮತ್ತೆ ಉರಿಯತೊಡಗಿತು. “ನಿನ್ನ ಹತ್ರ ಒಂದು ಮಾತು ಹೇಳೋದಿದೆ.”

“ಇಲ್ಲೇ ಹೇಳು.”

ಅವನು ಸಾಲನ್ನು ನೋಡಿದ. ಗಡ್ಡದವನು ಬ್ರಷ್ಷು ನಿಲ್ಲಿಸಿ ಬೆಟ್ಟದ ಕಡೆ ನೋಡುತ್ತಿದ್ದ, ಕೇಳಿಸಿಕೊಳ್ಳದವನ ಹಾಗೆ. ನಲ್ಲಿಯಿಂದ ನೀರು ಒಂದೇ ಸಮನೆ ಬೀಳುತ್ತಿತ್ತು. ಯಾರೋ ಅದನ್ನೂ ನಿಲ್ಲಿಸಿದರು. ಅಕ್ಕ ಕಾದಳು. ಬಸ್ಸು ಹೊರಟ ಮೇಲೂ ಓಡಿಬರುವವರಿಗೆ ಕಾಯುವವಳು ಅವಳು; ಬಹಳ ಹೊತ್ತೇ ಕಾದಳು.

“ಮೇಲೆ ಹೋಗಿ ಹೇಳ್ತೀನಿ,” ಎಂದ ಅವನು. “ದಾರೀಲಿ ಹೇಳ್ತೀನಿ. ಬಾ ಅಕ್ಕ.”

“ಬರಲ್ಲ,” ಎಂದಳು ಅಕ್ಕ.